ಎಷ್ಟು ಗೆರೆ?

ಯಾರು ಬಂದು ಹೋದರೆಂದು
ನೋಟಿನ ವಾಸನೆಯೇ ಹೇಳುತ್ತಿತ್ತು.
ಕರಿಮೆಣಸಿನ ಘಾಟು ಹತ್ತಿದ್ದರೆ ಮೊಯ್ದುಕಾಕನ ಕಟ್ಟು.
ಒಲೆಯ ಮೇಲೆ ಒಣಗಿಸಿ ಅಂಚು ಸೀದಿದ್ದರೆ
ಕಕ್ಕಡದ ಮಳೆ ದಾಟಿ ಬಂದದ್ದು.
ಎಂಟು ಮಡಿಕೆಯಾಗಿ, ಬೆವರಿಗೆ ಮೆತ್ತಗಾಗಿ,
ಬಿಡಿಸಿದರೂ ಮತ್ತೆ ಮುದುಡಿಕೊಳ್ಳುವ ಹತ್ತರ ನೋಟು
ಯಾವಳದೋ ಸೊಂಟದ ಗಂಟಿನದು;
ಅದನ್ನು ಎಣಿಸುವಾಗ ನಾನು
ಸ್ಪಂಜಿನ ನೀರು ಮುಟ್ಟುತ್ತಿರಲಿಲ್ಲ.

ಸಿದ್ದಾಪುರದ ಶಾಖೆ, ಎರಡನೇ ಕೌಂಟರು,
ಇಪ್ಪತ್ತೊಂಬತ್ತು ವರ್ಷ.
ಬಟವಾಡೆಯ ಶನಿವಾರ
ತೋಟದ ರೈಟರುಗಳ ಸಾಲು ಬಾಗಿಲಾಚೆ.
ಸಾಹುಕಾರರ ಸಹಿ ಒಂದು ಚೆಕ್ಕಿನಲ್ಲಿ ನೆಟ್ಟಗೆ,
ಇನ್ನೊಂದರಲ್ಲಿ ಓಲಾಡುತ್ತ.
"ಇದು ಎಷ್ಟನೇ ಗ್ಲಾಸಿನ ಸಹಿ?" ಎಂದರೆ
ರೈಟರ್ ನಾಣು ನೆಲ ನೋಡಿ ನಗುತ್ತಿದ್ದ.
ಆನೆ ರಸ್ತೆಗಿಳಿಯುವ ಮುಂಚೆ ಜೀಪು ತೋಟ ಸೇರಬೇಕು,
ಚಿಲ್ಲರೆ ಕೊಡಿ, ಬೇಗ ಚಿಲ್ಲರೆ ಕೊಡಿ.
ಒಮ್ಮೆ ನಾಣ್ಯದ ಚೀಲ ಹರಿದು
ಮ್ಯಾನೇಜರ್ ಸಮೇತ ಇಡೀ ಬ್ಯಾಂಕು
ಮೊಣಕಾಲೂರಿತ್ತು.

ಈಗ ನಾಣು ಕೂತಲ್ಲೇ ಬೆರಳಾಡಿಸುತ್ತಾನೆ,
ಚಹಾ ಆರುವುದರೊಳಗೆ ಮುನ್ನೂರು ಜನರ ವಾರ ಮುಗಿಯುತ್ತದೆ.
ಒಳ್ಳೆಯದೇ.
ಹಣದ ಚೀಲ ಹಿಡಿದು ಕತ್ತಲಲ್ಲಿ ಅವನು ನಡುಗಿದ್ದು ನನಗೆ ಗೊತ್ತು;
ಹಳೆಯದಕ್ಕೆಲ್ಲ ಆರತಿ ಎತ್ತುವವಳಲ್ಲ ನಾನು.

ಆದರೆ ನನ್ನ ಡ್ರಾಯರಿನ ಮಾತು ಹೇಳಬೇಕು.

ಕೆಳಗಿನ ಖಾನೆ. ಸವೆದ ಮುದ್ರೆಗಳ ಹಿಂದೆ
ಏಳು ಪಾಸ್‌ಬುಕ್ಕು.
ಚೋಮಿಯದು, ಬೊಳಚಿಯದು, ಆಯಿಸುಮ್ಮನದು,
ಲೈನ್‌ಮನೆಯ ಚೆಲ್ಲತ್ತಾಯಿಯದು,
ಇನ್ನು ಮೂವರ ಹೆಸರು ಇವತ್ತೂ ಹೇಳಲಾರೆ.
ಮನೆಗೆ ಹೋಗಬಾರದ ಪುಸ್ತಕಗಳು ಅವು.
ಮನೆಯಲ್ಲಿ ಗಂಡ ಇದ್ದ,
ಗಂಡನಿಗೆ ಬಾಯಾರಿಕೆ ಇತ್ತು.

ಚೋಮಿಗೆ ಅಕ್ಷರ ಬಾರದು, ಕಿವಿ ಚುರುಕು.
ಪ್ರಿಂಟರು ಟರ್ರ್ ಎಂದರೆ ಒಂದು ಬೆರಳು ಮಡಚುವಳು,
ಮತ್ತೆ ಟರ್ರ್, ಇನ್ನೊಂದು.
"ಎಷ್ಟು ಗೆರೆ, ಕೇಶಿಯರಮ್ಮ?"
"ಮೂರು."
"ನಾನೂ ಮೂರೇ ಕೇಳಿದೆ" ಎಂದು
ಲೆಕ್ಕಪರಿಶೋಧಕಿಯ ಹಾಗೆ ತಲೆಯಾಡಿಸಿ
ಪುಸ್ತಕ ನನ್ನತ್ತಲೇ ತಳ್ಳಿ ಹೋಗುವಳು,
ಬರಿಗೈ ಬೀಸಿಕೊಂಡು, ಬಲು ಹಗುರವಾಗಿ.

ಆಮೇಲೆ ಮೇಲಿನಿಂದ ಕಾಗದ ಬಂತು:
ಪ್ರತಿ ಖಾತೆಗೂ ಒಂದು ಫೋನು.
ಏಳು ಮನೆಗೂ ಫೋನೇನೋ ಇತ್ತು,
ಗಂಡಂದಿರ ಅಂಗಿಜೇಬಿನಲ್ಲಿ.
ಮೊದಲು ಬೊಳಚಿಯ ದುಡ್ಡು ಬಾಯಿಬಿಟ್ಟಿತು,
ಸಾವಿರದ ಇನ್ನೂರು ಜಮೆ, ಟಿಣ್ ಎಂದು,
ಅವನ ಎದೆಯ ಮೇಲೆಯೇ.
ಸೋಮವಾರ ಅವಳು ಬಂದಾಗ
ಸೆರಗು ಮುಖದ ಒಂದೇ ಪಕ್ಕಕ್ಕಿತ್ತು.
ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ.
ಹಿಂದೆ ನಿಂತಿದ್ದ ಚೋಮಿ ಅಂದಳು:
"ನಿನ್ನ ನಂಬರೇ ಹಾಕು."

ತಪ್ಪು. ಗೊತ್ತು. ಹಾಕಿದೆ.
ಒಂದು ನಂಬರಿಗೆ ಇಷ್ಟೇ ಖಾತೆ ಎಂದು ಕಂಪ್ಯೂಟರು ಹಠ ಹಿಡಿಯಿತು;
ನನ್ನದು, ತಂಗಿಯದು,
ತೀರಿಕೊಂಡ ಅತ್ತೆಯ ಹೆಸರಲ್ಲಿ ಇನ್ನೂ ಉಸಿರಾಡುತ್ತಿದ್ದ ಹಳೆಯ ಸಿಮ್ಮು,
ಹೇಗೋ ಏಳೂ ಕೂತವು.

ನಾನು ನಿವೃತ್ತಳಾಗಿ ಒಂದೂವರೆ ವರ್ಷ.
ಪ್ರಿಂಟರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ, ಕೆಟ್ಟಿದೆ ಎಂಬ ಚೀಟಿ,
ಚೀಟಿಯೂ ಹಳದಿಯಾಗಿದೆಯಂತೆ.
ನನ್ನ ಕೌಂಟರಿನಲ್ಲಿ ಈಗ ಯಾರೂ ಕೂರುವುದಿಲ್ಲ.
ಶನಿವಾರ ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಮೂರು ಫೋನು,
ಟಿಣ್, ಚೆಲ್ಲತ್ತಾಯಿ.
ಟಿಣ್, ಆಯಿಸುಮ್ಮ.
ಅಕ್ಕಿ ತೊಳೆಯುತ್ತ ನಾನು ಎಣಿಸುತ್ತೇನೆ.
ಅತ್ತೆಯ ಸಿಮ್ಮಿಗೆ ತಿಂಗಳು ತಿಂಗಳು ರೀಚಾರ್ಜು,
ಬದುಕಿದ್ದಾಗ ಅಷ್ಟು ನೋಡಿಕೊಂಡಿರಲಿಲ್ಲ.

ಸಂತೆಯ ದಿನ
ಒಣಮೀನಿನ ಅಂಗಡಿಯ ಪಕ್ಕ ಚೋಮಿ ಕಾಯುತ್ತಾಳೆ,
ಕಂಡ ಕೂಡಲೇ ಅಂಗೈ ಚಾಚುತ್ತಾಳೆ.
ಕಾಫಿ ಹಣ್ಣು ಕೊಯ್ದು ಕಪ್ಪಾದ ಆ ಅಂಗೈಯಲ್ಲಿ
ಉಗುರಿನಿಂದ ಗೆರೆ ಎಳೆಯುತ್ತೇನೆ,
ಒಂದು. ಎರಡು.
ಅವಳು ಒಪ್ಪುವುದಿಲ್ಲ.
"ಸದ್ದು ಎಲ್ಲಿ?" ಎನ್ನುತ್ತಾಳೆ.

ಮೀನಿನವನು ತಿರುಗಿ ನೋಡುತ್ತಾನೆ.
ಸುತ್ತ ಜನ.
ನಾನು, ಅರವತ್ತೊಂದರ ಮಾಜಿ ಹೆಡ್ ಕ್ಯಾಷಿಯರ್,
ಅವಳ ಕಿವಿಗೆ ಬಗ್ಗಿ
ಟರ್ರ್ ಎನ್ನುತ್ತೇನೆ.