ನರ್ಗಿಸ್‌ಳ ಎಡಗಿವಿ

ಮೊದಲು ಹೇಳಿದ್ದು ಮೂಗು.
ಭಟ್ಟಿಯ ಹೊಗೆ, ಸುಟ್ಟ ಉಸುಕು, ಉಮಿಯ ಧೂಳು,
ಇಷ್ಟರ ನಡುವೆಯೂ ಒಂದು ಹುಳಿವಾಸನೆ,
ಮೂರು ದಿನ ಮರೆತ ದೋಸೆಹಿಟ್ಟಿನದು.
ಪಾತ್ರೆಗಳ ಮುಚ್ಚಳ ಒಂದೊಂದೇ ತೆಗೆದು ನೋಡಿದೆ.
ವಾಸನೆ ಬಾಲ ಅಲ್ಲಾಡಿಸುತ್ತ
ನನ್ನ ಹಿಂದೆಯೇ ಬರುತ್ತಿತ್ತು.

ನರ್ಗಿಸ್ ಅಂದರೆ ನಮ್ಮ ದಾವಣಗೆರೆಯ ನರ್ಗಿಸ್ ಮಂಡಕ್ಕಿ.
ಪುಟಾಣಿ ಪುಡಿ ಮೆತ್ತಿದ ಮೈಬಣ್ಣ, ಅದಕ್ಕೇ ಆ ಹೆಸರು.
ಅರ್ಧ ಯಾವುದೋ ಬಂಗಲೆಯ ಜಾತಿ, ಅರ್ಧ ನಮ್ಮ ಬೀದಿ;
ಕಿವಿ ಮಾತ್ರ ಪೂರ್ತಿ ಬಂಗಲೆಯದು.
ಮಡಿಚಿದ ವೀಳ್ಯದೆಲೆಯಂತೆ ಜೋತು,
ಒಳಗೆ ಗಾಳಿಯಿಲ್ಲ, ಬೆಳಕಿಲ್ಲ.
ಬೇಸಿಗೆಯೆಲ್ಲ ಭದ್ರಾ ನಾಲೆಯಲ್ಲಿ ಬಿದ್ದು ಎದ್ದು
ಬಿಸಿಲಲ್ಲಿ ಬೆನ್ನು ಒಣಗಿಸಿಕೊಂಡು ಬರುತ್ತಿದ್ದಳು.
ಕಿವಿ ಒಣಗಿತೇ ಅಂತ ಕೇಳಿದವರಾರು?

ತಲೆ ಕೊಡವುತ್ತಿದ್ದಳು, ಪಟಪಟ ಪಟಪಟ,
ಜರಡಿ ಹಿಡಿದ ಹಾಗೆ. ನೊಣ ಅಂದುಕೊಂಡೆ.
ಹಿಂಗಾಲಲ್ಲಿ ಕೆರೆದುಕೊಂಡು ಕುಂಯ್ ಅಂದಳು,
ಚೇಷ್ಟೆ ಅಂದುಕೊಂಡೆ.
ಕತ್ತು ಒಂದೇ ಕಡೆ ವಾಲಿಸಿ ನನ್ನನ್ನೇ ನೋಡಿದಾಗ
ಪ್ರೀತಿ ಅಂದುಕೊಂಡಿದ್ದೆ. ಅದೊಂದಕ್ಕೆ
ಇವತ್ತಿಗೂ ನಾಚಿಕೆಯಾಗುತ್ತದೆ.

ದನದ ದವಾಖಾನೆಗೆ ಹೋಗುವ ಮೊದಲು
ಎಣ್ಣೆ ಕಾಯಲಿಟ್ಟಿದ್ದು ಸುಳ್ಳಲ್ಲ.
ನಾಲ್ಕೆಸಳು ಬೆಳ್ಳುಳ್ಳಿ, ಚಿಟಿಕೆ ಓಮ.
ಬೆಳ್ಳುಳ್ಳಿ ಚಿಟ್ ಅಂದದ್ದು ಬಲಗಿವಿಗೆ ಕೇಳಿತು.
ಎಡಗಿವಿಗೆ ಏನೂ ಕೇಳುವುದಿಲ್ಲ.
ಜಗಳೂರಿನ ಅಜ್ಜಿ, ನನಗಾಗ ಆರು ವರ್ಷ,
ಇದೇ ಎಣ್ಣೆ, ಇಷ್ಟೇ ಎಸಳು,
ತೊಡೆಯ ಮೇಲೆ ತಲೆ ಇಟ್ಟುಕೊಂಡು
ಊದಿ ಊದಿ, ಎಷ್ಟು ಅಕ್ಕರೆಯಿಂದ.
ಒಲೆ ಆರಿಸಿದೆ.

ಡಾಕ್ಟರ್ ಝರೀನಾ ಚೀಟಿಯ ಹಿಂದೆ ಒಂದು ಗೆರೆ ಎಳೆದರು,
ಕೆಳಕ್ಕಿಳಿದು ಥಟ್ಟನೆ ಪಕ್ಕಕ್ಕೆ ತಿರುಗಿದ್ದು.
“ನಮ್ಮದು ನೆಟ್ಟನೆ ರೋಡು. ಇವಳದ್ದು ಮೂಲೆ ತಿರುಗುತ್ತೆ.
ಅಲ್ಲಿ ಕೂತ ನೀರು ತಾನಾಗಿ ಎದ್ದು ಬರಲ್ಲ.”
ಕಾಂಪೌಂಡರ್ ಓಬಳೇಶಿ ಮೂತಿ ಹಿಡಿದ.
ಕಂದು ಗುಗ್ಗೆಯನ್ನು ಗಾಜಿಗೆ ಸವರಿ, ಬಣ್ಣ ಹಾಕಿ,
ನನಗೂ ಕೊಳವೆಯಲ್ಲಿ ನೋಡಲು ಕೊಟ್ಟರು:
ನೇರಳೆ ಬಣ್ಣದ ಚಿಕ್ಕ ಚಿಕ್ಕ ಹೆಜ್ಜೆಗಳು,
ಯಾವುದೋ ಮಗು ಅಂಗಾಲಿಗೆ ಮಸಿ ಮೆತ್ತಿಕೊಂಡು
ಮನೆಯೆಲ್ಲ ಓಡಾಡಿದ ಹಾಗೆ.
ಯೀಸ್ಟ್ ಅಂತೆ. ಬೇಕರಿಯಲ್ಲಿ ಬನ್ ಉಬ್ಬಿಸುತ್ತದಲ್ಲ, ಅದರ ದಾಯಾದಿ.
“ಒಂದೆರಡು ಯಾವಾಗಲೂ ಇರ್ತಾವೆ, ಪಾಪ.
ಒದ್ದೆ ಸಿಕ್ಕರೆ ಸಂಸಾರ ಹೂಡ್ತಾವೆ.”

ಎಣ್ಣೆಯ ಮಾತು ಹೇಳಿದೆ.
ಅವರು ಪೆನ್ನು ಕೆಳಗಿಟ್ಟರು.
“ತಮಟೆ ಹರಿದಿದೆಯೋ ಇಲ್ಲವೋ ನೋಡದೆ
ಏನೂ ಹುಯ್ಯಬೇಡಿ. ಹೋದ ವರ್ಷದ ಬಾಟಲಿಯನ್ನೂ.”
ಅಷ್ಟೇ ಅಂದದ್ದು.
ನನ್ನ ಕೈ ಅಷ್ಟರಲ್ಲಿ ನನ್ನ ಎಡಗಿವಿಗೆ ಹೋಗಿತ್ತು.

ಈಗ ಬೆಳಿಗ್ಗೆ, ಸಂಜೆ, ಭಟ್ಟಿಯ ಹಿಂದಿನ ಕಟ್ಟೆ.
ಹನಿ ಬಿಟ್ಟು ಕಿವಿಯ ಬುಡ ತಿಕ್ಕುತ್ತೇನೆ,
ಪಿಚಕ್ ಪಿಚಕ್ ಅನ್ನುವವರೆಗೆ.
ಆಮೇಲೆ ಕೊಡವುವುದು ಅವಳ ಕೆಲಸ,
ನೆನೆಯುವುದು ನನ್ನ ಸೆರಗಿನ ಕೆಲಸ.
ಕಣ್ಣಿಗೆ ಕಂಡಷ್ಟನ್ನು ಮಾತ್ರ ಹತ್ತಿಯಲ್ಲಿ ಒರೆಸು,
ಕಾಣದ್ದನ್ನು ಕೆದಕಲು ಕಡ್ಡಿ ಹಾಕಬೇಡ.
ಗೋಡೆಗೆ ಬರೆಸಬೇಕು ಇದನ್ನು,
ನಮ್ಮ ಕೆಲವು ನೆಂಟರಿಗೂ ಆದೀತು.
ಅಪ್ಪ ಮೂವತ್ತು ವರ್ಷ ಮಿಲ್ಲಿನಲ್ಲಿ ಹತ್ತಿಯ ನಡುವೆ ಕೆಮ್ಮಿದ;
ಮಗಳು ಅದೇ ಊರಲ್ಲಿ ಮೆಡಿಕಲ್ ಶಾಪಿನಿಂದ
ಹಿಡಿಯಷ್ಟು ಹತ್ತಿ ಕೊಂಡು ತರುತ್ತಾಳೆ, ನಾಯಿಗೆ.

ಐದನೇ ದಿನಕ್ಕೆ ವಾಸನೆ ಹೋಯಿತು.
ಬಾಟಲಿ ಎತ್ತಿಡಲು ಹೋದವಳು ಚೀಟಿ ನೋಡಿದೆ. ಹದಿನಾಲ್ಕು.
ಬಾಟಲಿ ಮತ್ತೆ ಇಳಿಸಿದೆ.

ನಾಲೆಗೆ ನೀರು ಬಿಟ್ಟಿದ್ದಾರೆ.
ವಾಸಿಯಾದವಳಿಗೆ ಬೇಡ ಅನ್ನುವುದು ಹೇಗೆ?
ದಡದಲ್ಲಿ ಹಳೇ ಟವೆಲು ಹಿಡಿದು ನಿಂತಿರುತ್ತೇನೆ.
ಬಂದವಳ ಕಿವಿಯ ಮಡಿಕೆ ಎತ್ತಿ, ಒತ್ತಿ ಒರೆಸಿ,
ಮೂಗು ಹಚ್ಚಿ ನೋಡುತ್ತೇನೆ, ದಾರಿಹೋಕರು ನಗಲಿ:
ಒಂದಿಷ್ಟು ಕೆಸರು, ಒಂದಿಷ್ಟು ಬಿಸಿಲು,
ಉಳಿದದ್ದೆಲ್ಲ ಬರೀ ನಾಯಿಯ ವಾಸನೆ.