ಆರನೆಯ ಎಸಳು

ಕುಂಬಳೆಯ ಅಳಿವೆ ದಾಟುವಾಗಲೇ
ಇಂಜಿನಿನ ಮುಳ್ಳು ಕೆಂಪಿಗೇರಿತ್ತು.
ಹಿಂದೆ ಹೊಗೆಕೊಳವೆ ಉಗುಳಬೇಕಿದ್ದ ನೀರಿಲ್ಲ,
ಬರೀ ಒಣಕೆಮ್ಮು.

ಬಂದ್ ಮಾಡೆಂದ ಅಂದುಂಞಿ.
ಹಾಯಿ ಬಿಚ್ಚಿದೆವು. ಗಾಳಿ ಇಷ್ಟೇ ಇಷ್ಟು.
ಮುಚ್ಚಳಕ್ಕೆ ಕೈ ಹಾಕಹೋದೆ;
ಅವನ ಮೊಣಕೈಯ ಸುಟ್ಟ ಕಲೆ ಕಂಡು
ಹಿಂದೆಗೆದೆ.

ಜಾಲರಿಯಲ್ಲೊಂದು ಹಾಲಿನ ತೊಟ್ಟೆ.
ಇದೊಂದೇ ಅಲ್ಲ, ಎಂದ. ಪಂಪು ಕಳಚಿ
ರಬ್ಬರಿನ ಚಕ್ರ ನನ್ನ ಅಂಗೈಗಿಟ್ಟ:
ಆರೆಸಳಿನ ಹೂವಿಗೆ ಐದೇ.

ಹೊಸದು ಕೂರಿಸಲು ಹತ್ತು ನಿಮಿಷ.
ಹೋದದ್ದನ್ನು ಹುಡುಕಲು ಎರಡು ತಾಸು,
ಕೊಳವೆ ಕೊಳವೆಗೂ ಬಾಯಿಟ್ಟು ಊದಿ,
ಡೀಸೆಲ್ ರುಚಿ ಉಗುಳಿ.

ಸಿಕ್ಕಿತು, ಕೊನೆಯ ತಿರುವಿನಲ್ಲಿ,
ಉಗುರಿನಷ್ಟು.
ಕಡಲಿಗೆಸೆಯಲಿಲ್ಲ ಅವನು;
ಬೀಡಿಕಟ್ಟಿನೊಳಗೆ ಸಿಕ್ಕಿಸಿಕೊಂಡ.

ನೀರು ಬಂತು. ಮುಳ್ಳು ಇಳಿಯಿತು.
ಹಾಯಿ ಮಡಚಲು ಮಾತ್ರ
ಇಬ್ಬರೂ ಏಳಲಿಲ್ಲ.