ಸುಮ್ಮನಿರುವ ಗುಳಿಗೆ

ಮಡೇರಾ ಊರಿನ ಚರ್ಚಿನ ನೆಲಮಾಳಿಗೆ.
ಹದಿಮೂರು ಕುರ್ಚಿ, ಒಂದರ ಕಾಲು ಕುಂಟು.
ದ್ರಾಕ್ಷಿ ಕೊಯ್ದ ಕೈಗೆ ಇವತ್ತು ಪೆನ್ನು,
ಬೆರಳ ಸಂದಿಯ ಗಂಧಕದ ವಾಸನೆ
ಎರಡು ಸೋಪಿಗೂ ಹೋಗಿಲ್ಲ.

ಪಾಠ ಹೇಳಲು ಬಂದ ಸಿಟ್ಲಾಲಿಗೆ ನನ್ನ ಮಗಳ ವಯಸ್ಸು.
ಗೋಡೆಯ ಮೇಲೊಂದು ಚಿತ್ರ ಬಿಟ್ಟಳು:
ಮೂತ್ರಪಿಂಡದ ಹೊಸ ಮದ್ದು,
ಅದನ್ನು ಮೊದಲು ನುಂಗಿ ನೋಡಿದವರು ಸಾವಿರ ಚುಕ್ಕೆ.
"ಇದರಲ್ಲಿ ನಿಮ್ಮವರೆಷ್ಟು, ಹುಡುಕಿ."
ಕನ್ನಡಕ ಹಾಕಿ, ತೆಗೆದು,
ಕಾಳಿನಲ್ಲಿ ಕಲ್ಲು ಆರಿಸುವ ಹಾಗೆ ಹುಡುಕಿದೆವು.
ಒಂದೂ ಸಿಗಲಿಲ್ಲ.
ಡಯಾಲಿಸಿಸ್ ಕೋಣೆಯಲ್ಲಾದರೆ ಹುಡುಕಬೇಕಿಲ್ಲ,
ಕುರ್ಚಿಗೊಬ್ಬರಿದ್ದೇವೆ.

ಮಧ್ಯಾಹ್ನ ಪ್ಲಸೀಬೊ ಬಂತು.
ನಮ್ಮ ಮಿಶ್ಟೆಕ್ ಮಾತಿನಲ್ಲಿ ಅದಕ್ಕೇನನ್ನುವುದು? ಅರ್ಧ ಗಂಟೆ ಜಗಳ.
ಸುಳ್ಳು ಗುಳಿಗೆ ಅಂದರೆ ಮೋಸ ಅಂತಾರೆ,
ಖಾಲಿ ಗುಳಿಗೆ ಅಂದರೆ, ಬಡವರಿಗೆ ಇಷ್ಟೇ ಅಂತಾರೆ.
ಕೊನೆಗೆ ಯೂಲಾಲಿಯಾ: "ಸುಮ್ಮನಿರುವ ಗುಳಿಗೆ.
ಒಳಗೆ ಬರುತ್ತೆ, ಕೂರುತ್ತೆ, ಏನೂ ಮಾಡಲ್ಲ.
ನನ್ನ ಗಂಡನ ಹಾಗೆ."
ಸಿಟ್ಲಾಲಿ ನಗುತ್ತಲೇ ಬರೆದುಕೊಂಡಳು.

ಆಮೇಲೆ ಆಟ. ನಾನು ಕಾರ್ಯಕರ್ತೆ, ಜೆನೈದಾ ಮನೆಯೊಡತಿ.
ಗಾಳಿಯಲ್ಲೇ ಬಾಗಿಲು ತಟ್ಟಿದೆ.
ಮದ್ದು, ತೊಂದರೆ, ಬಸ್ ಚಾರ್ಜು, ಎಲ್ಲ ಹೇಳಿದೆ.
"ಒಲ್ಲೆ" ಅಂದಳು.
ಜೇನು ಸವರಿ ಇನ್ನೊಮ್ಮೆ ಹೇಳಿದೆ.
"ಒಲ್ಲೆ."
ಮೂರನೆಯದಕ್ಕೆ ಬಾಯಿ ತೆರೆದಾಗ
ಸಿಟ್ಲಾಲಿ ಕೈ ಎತ್ತಿದಳು: "ಇಲ್ಲಿ ನಿಲ್ಲಬೇಕು.
ಈಗ ಒಂದೇ ಮಾತು: ಆಯ್ತಮ್ಮ. ಹೇಳಿ."

ಹೇಳಲಾಗಲಿಲ್ಲ.
ಮೇಸ್ತ್ರಿಗೆ, ಡಾಕ್ಟರಿಗೆ, ಕಚೇರಿಯ ಕಿಟಕಿಗೆ
ಒಲ್ಲೆ ಅಂದವಳಲ್ಲ ನಾನು.
ಎರಡನೇ ಹೆರಿಗೆಯ ರಾತ್ರಿ ಯಾವುದೋ ಕಾಗದ,
ಇಲ್ಲಿ ಸಹಿ ಅಂದರು, ಹಾಕಿದೆ.
ಮತ್ತೆ ಬಸಿರಾಗಲಿಲ್ಲ.
ಯಾಕೆಂದು ಯಾರನ್ನೂ ಕೇಳಲಿಲ್ಲ.

ಜೆನೈದಾ ಕಾಯುತ್ತಿದ್ದಳು, ಇಲ್ಲದ ಬಾಗಿಲು ಹಿಡಿದು.
"ಆಯ್ತಮ್ಮ" ಅಂದೆ,
ದ್ರಾಕ್ಷಿ ಬೀಜ ಗಂಟಲಿಗೆ ಸಿಕ್ಕವಳ ಹಾಗೆ.

ಸೋಮವಾರ ನಿಜವಾದ ಬಾಗಿಲು. ಟ್ರೇಲರ್ ಮನೆ, ನಾಯಿ,
ಕಾಲು ಊದಿದ ದೋನ್ ಫಿಲೆಮೋನ್.
"ರಕ್ತ ತಗೊಂಡು ಎಲ್ಲಿಡ್ತಾರೆ? ಎಷ್ಟು ದಿನ?
ನಾಳೆ ಬೇಡ ಅನ್ನಿಸಿದರೆ ವಾಪಸು ಕೊಡ್ತಾರಾ?"
ಪಾಠದ ಹಾಳೆ ತಿರುವಿದೆ, ಮತ್ತೆ ತಿರುವಿದೆ.
ಗೊತ್ತಿಲ್ಲ ಅಂದೆ.
ಅವನ ಪ್ರಶ್ನೆಯನ್ನು ಅವನ ಮಾತಲ್ಲೇ ಬರೆದುಕೊಂಡೆ,
ಗುರುವಾರ ಬರುತ್ತೇನೆ ಅಂದೆ.
"ಉತ್ತರ ತಾ ಮೊದಲು."
ಬಾಗಿಲು ಅರ್ಧ ಎಳೆದ.
ಉಳಿದರ್ಧದಲ್ಲಿ ನಾಯಿ ನಿಂತಿತ್ತು,
ಬೊಗಳದೆ.